ಪ್ರೆಸ್ ತೊಳೆಯಲು ಯಾವುದು ಮೇಲು: ಸೀಮೆಎಣ್ಣೆಯೋ, ವಾಟರ್ ಮಿಕ್ಸ್ ವಾಶೋ, ಸಸ್ಯದೆಣ್ಣೆಯೋ?

ಮಾಲಿನ್ಯದ ಮಾತು ಬಂದರೆ ಸಾಕು, ನಮ್ಮಂಥ ಆಫ್‌ಸೆಟ್ ಪ್ರೆಸ್ಸಿನವರನ್ನು ಎಲ್ಲರೂ ಸೋಯಾ ಎಣ್ಣೆಯ ಇಂಕ್ ಹಾಕ್ತೀರಾ ಅಂತ ಕೇಳುತ್ತಾರೆ. ಕೆಲವು ಗಿರಾಕಿಗಳಂತೂ ಕೆಳಗೆ ಒಂದು ಹಸಿರು ಎಲೆ ಪ್ರಿಂಟ್ ಮಾಡಿಬಿಡಿ, ಸಾಕು ಅನ್ನುತ್ತಾರೆ. ನನ್ನ ಮಾತು ಬೇರೆ. ಶೀಟ್ ಮಶೀನಿನಲ್ಲಿ ಇಂಕಿನ ಎಣ್ಣೆ ಬಹುಪಾಲು ಕಾಗದದ ಮೇಲೇ ಉಳಿದು ಗಟ್ಟಿಯಾಗುತ್ತದೆ, ಗಾಳಿಗೆ ಹಾರುವುದು ಕಡಿಮೆ. ಹಾರುವುದೇನಿದ್ದರೂ ಮಶೀನ್ ತೊಳೆಯುವ ಎಣ್ಣೆ, ಮತ್ತೆ ಅಚ್ಚಿನ ಪ್ಲೇಟನ್ನು ಒದ್ದೆ ಮಾಡುವ ಫೌಂಟನ್ ನೀರಿಗೆ ಹಾಕುವ ಆಲ್ಕೋಹಾಲ್. ಅದನ್ನು ಮೊದಲು ಉಸಿರಾಡುವವರು ನಾವೇ. ಹಾಗಾಗಿ ಇಂಕ್ ಆಮೇಲೆ, ಮೊದಲು ತೊಳೆಯುವುದನ್ನು ನೋಡೋಣ.

ನಮ್ಮದು ವಡಾಳಾ ಕಡೆ ಒಂದು ಇಂಡಸ್ಟ್ರಿಯಲ್ ಎಸ್ಟೇಟಿನ ಎರಡನೇ ಮಾಳಿಗೆಯ ಗಾಲಾ, ಅಂದರೆ ಕಾರ್ಖಾನೆಯ ಕೋಣೆ. ಒಂದು ಹಳೇ ಸಿಂಗಲ್ ಕಲರ್, ಒಂದು ಸೆಕೆಂಡ್ ಹ್ಯಾಂಡ್ ಟೂ ಕಲರ್. ಮಾಟುಂಗದ ಉಡುಪಿ ಹೋಟೆಲ್ಲುಗಳ ಬಿಲ್ ಬುಕ್ಕು, ಮದುವೆ ಕಾಗದ, ಸಂಘದವರ ಸ್ಮರಣ ಸಂಚಿಕೆ, ಇಂಥ ಸಣ್ಣ ಜಾಬುಗಳೇ ಜಾಸ್ತಿ. ಸಣ್ಣ ಜಾಬು ಅಂದರೆ ಮತ್ತೆ ಮತ್ತೆ ಬಣ್ಣ ಬದಲಿಸುವುದು, ಮತ್ತೆ ಮತ್ತೆ ತೊಳೆಯುವುದು. ಮೂರೂ ಎಣ್ಣೆಗಳಿಗೆ ನಾನು ಇಟ್ಟ ಪರೀಕ್ಷೆ ಒಂದೇ: ಕಪ್ಪು ಓಡಿದ ಮೇಲೆ ಹಳದಿ ಹಾಕುವುದು. ರೋಲರಿನ ತುದಿಯಲ್ಲಿ ಚೂರು ಕಪ್ಪು ಉಳಿದಿದ್ದರೂ ಹಳದಿ ಕೊಳಕು ಹಸಿರಾಗಿ ಬರುತ್ತದೆ. ಅಲ್ಲಿ ಯಾರ ವಕಾಲತ್ತೂ ನಡೆಯುವುದಿಲ್ಲ.

ಮೊದಲು ಸೀಮೆಎಣ್ಣೆ ಮತ್ತು ಪೆಟ್ರೋಲ್. ಸೀಮೆಎಣ್ಣೆಗೆ ಇಲ್ಲಿ ಎಲ್ಲರೂ ರಾಕೆಲ್ ಅನ್ನುತ್ತಾರೆ. ರೋಲರಿಗೆ ರಾಕೆಲ್, ಪ್ಲೇಟಿನ ಇಂಕನ್ನು ಕಾಗದಕ್ಕೆ ದಾಟಿಸುವ ರಬ್ಬರ್ ಹಾಳೆಗೆ, ಅಂದರೆ ಬ್ಲ್ಯಾಂಕೆಟ್ಟಿಗೆ, ಬೇಗ ಒಣಗಲಿ ಅಂತ ಸ್ವಲ್ಪ ಪೆಟ್ರೋಲ್. ಅಳತೆಯೆಲ್ಲ ಮಶೀನ್‌ಮ್ಯಾನ್ ಕೈಯಲ್ಲಿ. ಇಂಕ್ ಕರಗಿಸುವುದರಲ್ಲಿ ಇದನ್ನು ಮೀರಿಸಿದ್ದು ನಾನು ನೋಡಿಲ್ಲ, ಖರ್ಚೂ ಕಡಿಮೆ. ಆದರೆ ಐಎಸ್‌ಐ ಪ್ರಕಾರ ಸೀಮೆಎಣ್ಣೆಯ ಫ್ಲ್ಯಾಶ್ ಪಾಯಿಂಟ್ 35 ಡಿಗ್ರಿಗಿಂತ ಕಡಿಮೆ ಇರಬಾರದು ಅಂತಷ್ಟೇ ಇದೆ, ಅಂದರೆ ಅಷ್ಟು ಬಿಸಿಗೆ ಅದರ ಆವಿಗೆ ಕಿಡಿ ತಾಗಿದರೆ ಹತ್ತಿಕೊಳ್ಳಬಹುದು. ಮೇ ತಿಂಗಳಲ್ಲಿ ತಗಡಿನ ಕೆಳಗಿರುವ ಗಾಲಾ ಎಷ್ಟು ಬಿಸಿ ಇರುತ್ತದೆ ಅಂತ ಮುಂಬೈಯವರಿಗೆ ಹೇಳಬೇಕಾ? ಪೆಟ್ರೋಲಿನದ್ದು ಸೊನ್ನೆಗಿಂತಲೂ ಎಷ್ಟೋ ಕೆಳಗೆ, ಮೇಲಿಂದ ಅದರಲ್ಲಿ 1% ತನಕ ಬೆಂಜೀನ್ ಇರಲು ಕಾನೂನೇ ಬಿಟ್ಟಿದೆ. ಬೆಂಜೀನ್ ಕ್ಯಾನ್ಸರ್ ತರುವಂಥದ್ದು. ಇನ್ನೊಂದು ತೊಂದರೆ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಸೀಮೆಎಣ್ಣೆ ಬ್ಲ್ಯಾಂಕೆಟ್ ಮೇಲೆ ಜಿಡ್ಡು ಬಿಡುತ್ತದೆ, ಆ ಜಿಡ್ಡು ಹೋಗುವ ತನಕ ಇಂಕ್ ಸರಿಯಾಗಿ ಕೂರುವುದಿಲ್ಲ, ಅಷ್ಟೂ ಶೀಟು ರದ್ದಿಗೆ. ಎಣ್ಣೆಯಲ್ಲಿ ಉಳಿಸಿದ ದುಡ್ಡು ಆರ್ಟ್ ಪೇಪರಿನಲ್ಲಿ ಹೋಯಿತು.

ಇದೇ ಜಾತಿಯಲ್ಲಿ ಲೇಬಲ್ ಇಲ್ಲದ ಕ್ಯಾನುಗಳೂ ಸಿಗುತ್ತವೆ. ಒರೆಸಿದ ಕೂಡಲೇ ಒಣಗುತ್ತದೆ, ಮಶೀನ್‌ಮ್ಯಾನ್‌ಗಳಿಗೆ ಬಹಳ ಪ್ರೀತಿ. ಅದನ್ನು ಮಾತ್ರ ನಾನು ಟ್ರೈ ಮಾಡಿಲ್ಲ, ಮಾಡುವುದೂ ಇಲ್ಲ. ಜಪಾನಿನ ಒಸಾಕಾದಲ್ಲಿ ಒಂದೇ ಆಫ್‌ಸೆಟ್ ಪ್ರೆಸ್ಸಿನಲ್ಲಿ ದುಡಿದ ಹಲವರಿಗೆ, ಅದೂ ಸಣ್ಣ ಪ್ರಾಯದವರಿಗೆ, ಪಿತ್ತನಾಳದ ಕ್ಯಾನ್ಸರ್ ಬಂದದ್ದು 2012ರಲ್ಲಿ ಹೊರಗೆ ಬಿತ್ತು. ಬ್ಲ್ಯಾಂಕೆಟ್ ತೊಳೆಯಲು ಬಳಸುತ್ತಿದ್ದ 1,2-ಡೈಕ್ಲೋರೊಪ್ರೊಪೇನ್ ಅದಕ್ಕೆ ಕಾರಣ ಅಂತ ಕಂಡುಬಂತು, ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2014ರಲ್ಲಿ ಅದನ್ನು ಮನುಷ್ಯರಿಗೆ ಖಚಿತವಾಗಿ ಕ್ಯಾನ್ಸರ್ ತರುವ ಪಟ್ಟಿಗೆ ಸೇರಿಸಿತು. ಅಲ್ಲಿಯೂ ಗಾಳಿ ಸರಿಯಾಗಿ ಆಡದ ಕೋಣೆಯೇ. ಅದಕ್ಕೇ ಹೇಳುತ್ತೇನೆ, ಒಳಗೆ ಏನಿದೆ ಅಂತ ಹೇಳುವ ಸೇಫ್ಟಿ ಶೀಟನ್ನು ಡಬ್ಬದ ಜೊತೆ ಕೊಡದವನ ಹತ್ತಿರ ಕೊಳ್ಳಬೇಡಿ ಮಾರಾಯ್ರೆ.

ಎರಡನೆಯದು ಕಂಪನಿಗಳು ಮಾರುವ ನೀರು ಬೆರೆಯುವ ವಾಶ್. ಇದೂ ಪೆಟ್ರೋಲಿಯಂ ಮಾಲೇ, ಆದರೆ ಒಳಗೆ ಸೋಪಿನಂಥ ಒಂದು ವಸ್ತು ಇರುತ್ತದೆ. ನೀರು ಹಾಕಿ ಅಲ್ಲಾಡಿಸಿದರೆ ಹಾಲಿನ ಹಾಗೆ ಬೆಳ್ಳಗಾಗುತ್ತದೆ. ಇದರ ದೊಡ್ಡ ಲಾಭ ಏನೆಂದರೆ ಎಣ್ಣೆಯಲ್ಲಿ ಕರಗುವ ಇಂಕೂ ಹೋಗುತ್ತದೆ, ನೀರಿನಲ್ಲಿ ಕರಗುವ ಗಮ್ಮು, ಕಾಗದದ ಧೂಳಿನ ಪದರವೂ ಹೋಗುತ್ತದೆ. ಬರೀ ಸೀಮೆಎಣ್ಣೆಯಲ್ಲಿ ತೊಳೆದ ರೋಲರುಗಳ ಮೇಲೆ ಕಾಲ ಕಳೆದಂತೆ ಗಾಜಿನಂಥ ಹೊಳಪು ಕೂರುತ್ತದಲ್ಲ, ಆ ಗ್ಲೇಜ್ ಇದರಲ್ಲಿ ಕಡಿಮೆಯಾಯಿತು. ಲೀಟರಿಗೆ ರಾಕೆಲ್‌ಗಿಂತ ದುಬಾರಿ, ಆದರೆ ಅರ್ಧ ನೀರೇ ಬೆರೆಸುವುದರಿಂದ ತಿಂಗಳ ಬಿಲ್ಲಿನಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಹಳದಿ ಪರೀಕ್ಷೆಯಲ್ಲಿ ಎರಡು ಸುತ್ತು ತೊಳೆದರೆ ಪಾಸು. ವಾಸನೆ ಕಡಿಮೆ ಅಂತ ಮೋಸ ಹೋಗಬಾರದು ಅಷ್ಟೇ. ಮೂಗಿಗೆ ತಿಳಿಯದಿದ್ದರೂ ಇದೂ ಆವಿಯಾಗುತ್ತದೆ, ಎಕ್ಸಾಸ್ಟ್ ಫ್ಯಾನ್ ಬೇಕೇ ಬೇಕು.

ಮೂರನೆಯದು ಸಸ್ಯದೆಣ್ಣೆಯಿಂದ ಮಾಡಿದ ವಾಶ್. ತೆಂಗು, ಸೋಯಾ, ತಾಳೆ, ಇಂಥ ಎಣ್ಣೆಗಳಿಂದ ತಯಾರಿಸುವ ಎಸ್ಟರ್ ಅನ್ನುವ ತೆಳು ದ್ರವ. ಡೆನ್ಮಾರ್ಕಿನ ಪ್ರೆಸ್ಸುಗಳಲ್ಲಿ 1980ರ ದಶಕದಲ್ಲೇ ಇದು ಶುರುವಾಗಿತ್ತು. ಫ್ಲ್ಯಾಶ್ ಪಾಯಿಂಟ್ 100 ಡಿಗ್ರಿಗಿಂತ ಮೇಲೆ, ಗಾಳಿಗೆ ಹಾರುವುದು ಇಲ್ಲ ಅನ್ನುವಷ್ಟು ಕಡಿಮೆ. ಸಂಜೆ ತಲೆನೋವು ಅನ್ನುವುದು ಇದನ್ನು ಹಾಕಿದ ದಿನ ಇರಲಿಲ್ಲ. ಆದರೆ ಹಾರದ ಎಣ್ಣೆ ಎಲ್ಲಿ ಹೋಗುತ್ತದೆ ಹೇಳಿ? ಅಲ್ಲೇ ಇರುತ್ತದೆ. ನಮ್ಮ ಮಶೀನ್‌ಮ್ಯಾನ್ ಕಲಬುರಗಿ ಕಡೆಯವರು, ಮೊದಲ ದಿನವೇ "ಅಣ್ಣಾರ, ಇದು ಲಗೂನ ಒಣಗಂಗಿಲ್ರಿ, ನನ್ನ ಟೈಮ್ ಯಾರ್ ಕೊಡ್ತಾರ?" ಅಂತ ಕೇಳಿದರು. ಅವರ ಮಾತು ನಿಜ. ರಾಕೆಲ್ ಸುರಿದ ಹಾಗೆ ಸುರಿದರೆ ಬ್ಲ್ಯಾಂಕೆಟ್ ಜಾರುತ್ತದೆ, ಇಂಕ್ ಹಿಡಿಯುವುದೇ ಇಲ್ಲ. ಕೈಯ ಅಭ್ಯಾಸವನ್ನೇ ಬದಲಿಸಬೇಕು. ಬಟ್ಟೆಯ ತುದಿಗೆ ಸ್ವಲ್ಪವೇ ಹಾಕಿ ಸವರಿ, ಇಂಕ್ ಸಡಿಲಾಗುವ ತನಕ ಒಂದು ನಿಮಿಷ ಬಿಟ್ಟು, ಒದ್ದೆ ಬನಿಯನ್ ಬಟ್ಟೆಯಲ್ಲಿ ಒರೆಸಿ, ಮತ್ತೊಮ್ಮೆ ಒಣ ಬಟ್ಟೆಯಲ್ಲಿ ಒರೆಸಿದರೆ ಹಳದಿ ಚೊಕ್ಕವಾಗಿಯೇ ಬರುತ್ತದೆ, ಆದರೆ ಅಷ್ಟು ಹೊತ್ತಿಗೆ ಗಿರಾಕಿ ಎರಡು ಸಲ ಫೋನ್ ಮಾಡಿರುತ್ತಾನೆ.

ಒಂದು ಎಚ್ಚರಿಕೆ. ಈ ವಾಶ್ ಬೇಗ ಬೆಂಕಿ ಹಿಡಿಯುವುದಿಲ್ಲ ಅಂತ ಒರೆಸಿದ ಚಿಂದಿಯನ್ನು ಮೂಲೆಯಲ್ಲಿ ಗುಡ್ಡೆ ಹಾಕಬೇಡಿ. ಅಗಸೆ, ಸೋಯಾ ತರಹದ ಒಣಗುವ ಎಣ್ಣೆ ಹೀರಿದ ಬಟ್ಟೆ ಗುಡ್ಡೆಯಲ್ಲಿ ತನ್ನಷ್ಟಕ್ಕೇ ಬಿಸಿಯಾಗುತ್ತದೆ, ಹೊಗೆ ಏಳುವ ತನಕ ಹೋಗಬಹುದು. ಮುಚ್ಚಳ ಇರುವ ತಗಡಿನ ಡಬ್ಬ ಇಡಿ, ಸಂಜೆ ಮುಚ್ಚಿ ಹೊರಡಿ.

ಕೊನೆಗೆ ನಾವು ಒಂದನ್ನೇ ಆರಿಸಲಿಲ್ಲ. ಹಗಲು ಬಣ್ಣ ಬದಲಿಸಲು ನೀರು ಬೆರೆಯುವ ವಾಶ್, ರಾತ್ರಿ ಮಶೀನ್ ಮುಚ್ಚುವಾಗ ಸಸ್ಯದೆಣ್ಣೆ. ಆಗ ಅವಸರ ಇರುವುದಿಲ್ಲ. ರಾಕೆಲ್ ಹೊರಗೆ.

ಆದರೆ ಮೂರನ್ನೂ ಸೋಲಿಸಿದ್ದು ನಾಲ್ಕನೆಯದು: ತೊಳೆಯದೇ ಇರುವುದು! ಕಪ್ಪು ಜಾಬುಗಳನ್ನೆಲ್ಲ ಹಳೇ ಮಶೀನಿಗೆ ಮೀಸಲಿಟ್ಟೆವು. ಟೂ ಕಲರಿನಲ್ಲಿ ಬೆಳಿಗ್ಗೆ ಹಳದಿ, ಕೇಸರಿ, ಆಮೇಲೆ ಕೆಂಪು, ಮರೂನ್, ಸಂಜೆಗೆ ನೀಲಿ ಅಂತ ತಿಳಿಯಿಂದ ಗಾಢಕ್ಕೆ ಹೋಗುತ್ತೇವೆ. ತಿಳಿ ಬಣ್ಣದ ಮೇಲೆ ಗಾಢ ಬಣ್ಣಕ್ಕೆ ಒಂದು ಸುತ್ತು ತೊಳೆದರೆ ಸಾಕು. ಇದಕ್ಕೆ ದಮ್ಮಡಿ ಖರ್ಚಿಲ್ಲ. ತಲೆಬಿಸಿ ಮಾತ್ರ ಇದೆ, ಯಾಕೆಂದರೆ ಮದುವೆ ಮನೆಯವರಿಗೆ ಯಾವತ್ತೂ ಇವತ್ತೇ ಬೇಕು.

ಈಗ ಫೌಂಟನ್ ನೀರಿನ ಆಲ್ಕೋಹಾಲ್, ಅಂದರೆ ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್). ತೊಳೆಯುವುದು ಆಗೊಮ್ಮೆ ಈಗೊಮ್ಮೆ, ಇದು ಮಶೀನ್ ಓಡುವಷ್ಟು ಹೊತ್ತೂ ಹಾರುತ್ತಿರುತ್ತದೆ. ಫ್ಲ್ಯಾಶ್ ಪಾಯಿಂಟ್ ಸುಮಾರು 12 ಡಿಗ್ರಿ. ಫೌಂಟನ್ ನೀರಿಗೆ ಸುಮಾರು 10% ಹಾಕುವುದು ರೂಢಿ, ನೀರು ಪ್ಲೇಟಿನ ಮೇಲೆ ತೆಳ್ಳಗೆ ಹರಡಲಿ ಅಂತ. ಇದರ ಬದಲಿಗೆ ಬರುವ ಸಬ್‌ಸ್ಟಿಟ್ಯೂಟ್ ಶೇಕಡಾ ಎರಡು ಮೂರು ಸಾಕು, ಹಾರುವುದೂ ಕಡಿಮೆ. ಕೇಳಲು ಸುಲಭ, ಆದರೆ ಐಪಿಎ ನಮ್ಮ ಎಷ್ಟೋ ಸೋಮಾರಿತನವನ್ನು ಮುಚ್ಚಿಹಾಕುತ್ತದೆ. ಅದನ್ನು ತೆಗೆದ ಕೂಡಲೇ ಗಟ್ಟಿಯಾದ ರೋಲರ್, ತಪ್ಪಾದ ಪ್ರೆಶರ್, ಬದಲಾದ ನೀರು ಎಲ್ಲ ಬಯಲಿಗೆ ಬರುತ್ತದೆ, ಖಾಲಿ ಜಾಗದಲ್ಲೂ ಇಂಕ್ ಹತ್ತುವ ಸ್ಕಮ್ಮಿಂಗ್ ಶುರು. ಮುನಿಸಿಪಾಲಿಟಿಯ ಕೆರೆ ನೀರಿಗೆ ಕೂರಿಸಿದ ಸೆಟ್ಟಿಂಗ್ ಟ್ಯಾಂಕರ್ ನೀರು ಬಂದ ದಿನ ಕೆಡುತ್ತದೆ. ನೀರಿನ ಹುಳಿ (ಪಿಎಚ್) ಮತ್ತು ಅದರಲ್ಲಿ ಕರಗಿದ ಲವಣ (ಕಂಡಕ್ಟಿವಿಟಿ) ತೋರಿಸುವ ಮೀಟರ್ ಇಲ್ಲದೆ ಇದಕ್ಕೆ ಕೈ ಹಾಕಬೇಡಿ. ಪಿಎಚ್ 5ರ ಆಸುಪಾಸಿನಲ್ಲಿ ನಿಲ್ಲಿಸಿ, ಐಪಿಎಯನ್ನು ಸ್ವಲ್ಪ ಸ್ವಲ್ಪವೇ ಇಳಿಸುತ್ತಾ ಬನ್ನಿ. ನಾವು ಸೊನ್ನೆಗೆ ಹೋಗಲಾಗದೆ 3%ಕ್ಕೆ ನಿಂತಿದ್ದೇವೆ. ತಮಾಷೆ ಏನೆಂದರೆ ನೀರು ಹಚ್ಚುವ ರೋಲರಿಗೆ (ಡ್ಯಾಂಪರ್) ಬಟ್ಟೆ ಸುತ್ತಿದ ನಮ್ಮ ಹಳೇ ಸಿಂಗಲ್ ಕಲರಿಗೆ ಐಪಿಎ ಬೇಕಾಗಿಯೇ ಇರಲಿಲ್ಲ. ಗುಜರಿ ಅಂತ ಎಲ್ಲರೂ ನಗುವ ಮಶೀನು!

ಪ್ಲೇಟಿನ ಬಗ್ಗೆ ಹೆಚ್ಚು ಹೇಳಲಿಕ್ಕಿಲ್ಲ. ಕಂಪ್ಯೂಟರಿನಿಂದ ನೇರ ಪ್ಲೇಟ್ ಮಾಡುವ ಸಿಟಿಪಿ ಮಶೀನ್ ನಮ್ಮದಲ್ಲ, ಹೊರಗೆ ಮಾಡಿಸುತ್ತೇವೆ. ಪ್ರೊಸೆಸ್‌ಲೆಸ್ ಪ್ಲೇಟ್ ಹಾಕಿದರೆ ಅವರ ಕಡೆ ಡೆವಲಪರ್ ಕೆಮಿಕಲ್, ತೊಳೆಯುವ ನೀರು ಎರಡೂ ಉಳಿತಾಯವಾಗುತ್ತದೆ, ಪ್ಲೇಟ್ ನಮ್ಮ ಮಶೀನಿನ ಮೇಲೇ ಡೆವಲಪ್ ಆಗುತ್ತದೆ. ದರ ಜಾಸ್ತಿ, ಪ್ಲೇಟಿನ ಮೇಲೆ ಅಕ್ಷರ ಮಸುಕು, ಕಣ್ಣಲ್ಲಿ ಪ್ರೂಫ್ ನೋಡುವುದು ಕಷ್ಟ. ನಾವು ಇನ್ನೂ ಮಾಮೂಲಿ ಪ್ಲೇಟಿನಲ್ಲೇ ಇದ್ದೇವೆ. ಮುಗಿದ ಅಲ್ಯೂಮಿನಿಯಂ ಎರಡರಲ್ಲೂ ಗುಜರಿಯವನು (ಭಂಗಾರ್‌ವಾಲಾ) ತೂಕ ಮಾಡಿ ಒಯ್ಯುತ್ತಾನೆ, ಅದೇನೂ ಕಸಕ್ಕೆ ಹೋಗುವುದಿಲ್ಲ.

ಕಸಕ್ಕೆ ಹೋಗುವುದು ಚಿಂದಿ. ಇಂಕು, ಎಣ್ಣೆ ಹೀರಿದ ಬಟ್ಟೆ 2016ರ ಅಪಾಯಕಾರಿ ತ್ಯಾಜ್ಯ ನಿಯಮದ ಪಟ್ಟಿಯಲ್ಲಿ 33.2 ಅಂತ ನಂಬರು ಹಾಕಿಸಿಕೊಂಡ ಮಾಲು. ಅದನ್ನು ಮುನಿಸಿಪಾಲಿಟಿ ಕಸದ ಗಾಡಿಗೆ ಹಾಕುವ ಹಾಗಿಲ್ಲ, ತಳೋಜಾದಂಥ ಕಡೆ ಇರುವ ಅಪಾಯಕಾರಿ ತ್ಯಾಜ್ಯದ ಘಟಕಕ್ಕೆ ಹೋಗಬೇಕು. ಸಣ್ಣ ಪ್ರೆಸ್ಸಿನ ಒಂದು ಡಬ್ಬಕ್ಕೋಸ್ಕರ ಯಾರು ಗಾಡಿ ಕಳಿಸುತ್ತಾರೆ? ಅದಕ್ಕೇ ನಮ್ಮ ಎಸ್ಟೇಟಿನ ಪ್ರೆಸ್ಸಿನವರೆಲ್ಲ ಒಟ್ಟಾಗಿ ಒಂದೇ ಡ್ರಮ್ಮಿಗೆ ತುಂಬಿಸಿ ಕಳಿಸೋಣ ಅಂತ ಮಾತಾಡುತ್ತಿದ್ದೇವೆ. ಎಲ್ಲರೂ ಒಪ್ಪಿದ್ದಾರೆ, ಕಾಗದಪತ್ರ ಯಾರ ಹೆಸರಲ್ಲಿ ಅನ್ನುವುದು ಮಾತ್ರ ಇನ್ನೂ ತೀರ್ಮಾನ ಆಗಿಲ್ಲ.