ಉಸಿರಿನ ಕಸರತ್ತಿನ ಸಾಧನ, 14 ತಿಂಗಳು ಬಳಸಿದ ಮೇಲೆ

ಮೊದಲೇ ಹೇಳಿಬಿಡ್ತೀನಿ, ಇದು ಆಸ್ಪತ್ರೆಯಲ್ಲಿ ಕೊಡುವ, ಉಸಿರೆಳೆದು ಗುಂಡು ಮೇಲೆತ್ತುವ ಮೂರು ಗುಂಡಿನ ಸ್ಪೈರೋಮೀಟರ್ ಅಲ್ಲ. ಅದೂ ನನ್ನ ಹತ್ತಿರ ಇದೆ. ಹುಬ್ಬಳ್ಳಿಯಲ್ಲಿ ಸ್ಲೀವ್ ಆಪರೇಷನ್ (ತೂಕ ಇಳಿಸಲು ಜಠರ ಕತ್ತರಿಸಿ ಸಣ್ಣದು ಮಾಡುವುದು) ಆದಾಗ ನನ್ನ ತೂಕ 118 ಕೆಜಿ. ಮರುದಿನ ಹೊಟ್ಟೆಗೆ ದಿಂಬು ಒತ್ತಿಕೊಂಡು ಕೆಮ್ಮುವುದೇ ದೊಡ್ಡ ಕೆಲಸ. ನೋವಿಗೆ ಹೆದರಿ ಮೇಲುಮೇಲೆ ಉಸಿರಾಡಿದರೆ ಶ್ವಾಸಕೋಶದ ತಳಭಾಗ ಮುದುಡಿ ಕಫ ಕಟ್ಟುತ್ತದೆ, ಅದಕ್ಕೇ ಎಚ್ಚರ ಇದ್ದಾಗೆಲ್ಲ ತಾಸಿಗೆ 10 ಸಲ ಗುಂಡು ಎತ್ತಿಸುತ್ತಿದ್ದರು. ನಾನು ಜಂಬದಿಂದ ಮೂರೂ ಗುಂಡು ಪಟಪಟ ಹಾರಿಸಿದೆ. ಫಿಸಿಯೋ ಹುಡುಗಿ ನಕ್ಕಳು. “ಅಕ್ಕಾರ, ಹಾರಸೂದಲ್ರಿ. ಎರಡ ಎತ್ತಿ ಸಾವಕಾಶ ತಡದ ಹಿಡೀರಿ.”

ಮನೆಯಲ್ಲಿ ಬಳಸಿದ್ದು ಸ್ಪ್ರಿಂಗ್ ಇರುವ ಥ್ರೆಶೋಲ್ಡ್ ಸಾಧನ. ಬಾಯಲ್ಲಿಟ್ಟು ಸಾಕಷ್ಟು ಜೋರಿನಿಂದ ಎಳೆಯುವ ತನಕ ಒಂದು ಚೂರೂ ಗಾಳಿ ಬರುವುದಿಲ್ಲ, ಆಮೇಲೆ ವಾಲ್ವ್ ಬಿಚ್ಚಿಕೊಳ್ಳುತ್ತದೆ. ಗುಂಡಿನದು ಶ್ವಾಸಕೋಶ ಹಿಗ್ಗಿಸುವ ಕೆಲಸ, ಇದು ವಪೆಗೆ, ಅಂದರೆ ಉಸಿರು ಎಳೆಯುವ ಎದೆ-ಹೊಟ್ಟೆ ನಡುವಿನ ಸ್ನಾಯುವಿಗೆ, ಡಂಬೆಲ್ಸ್ ಇದ್ದಂತೆ. ಆಪರೇಷನ್‌ಗೆ ಮುಂಚೆ ಉಸಿರು ಎಳೆಯುವ ನನ್ನ ಬಲ ಅಳೆದಾಗ 44 ಸೆಂಟಿಮೀಟರ್ ನೀರಿನ ಒತ್ತಡ ಬಂತು. ಅದರ ಶೇ. 30, ಅಂದರೆ 13ಕ್ಕೆ ತಿರುಪು ಇಟ್ಟುಕೊಟ್ಟರು. ಆಪರೇಷನ್ ಆದ ಮೇಲೆ ಸರ್ಜನ್ ಹೂಂ ಅಂದ ನಂತರ ಮತ್ತೆ ಶುರು. ಬೆಳಿಗ್ಗೆ 30 ಉಸಿರು, ಸಂಜೆ 30. ಒಮ್ಮೆಗೆ ಐದು ನಿಮಿಷವೂ ಆಗುವುದಿಲ್ಲ. ಈಗ ತಿರುಪು 27ರಲ್ಲಿದೆ.

ಬೇಗ ಮುಗಿಸೋಣ ಅಂತ ಗಡಿಬಿಡಿ ಮಾಡಿದರೆ ಬೆರಳು ಜುಮ್ಮೆನ್ನುತ್ತವೆ, ತಲೆ ತಿರುಗುತ್ತದೆ. ಒಮ್ಮೆ ಮಜ್ಜಿಗೆ ಕುಡಿದ ಕೂಡಲೇ ಕಸರತ್ತಿಗೆ ಕೂತೆ. ಇದ್ದ ಚೂರು ಹೊಟ್ಟೆಯೂ ತೊಳಸಿ, ಅರ್ಧ ದಿನ ಮಂಚ ಬಿಡಲಿಲ್ಲ.

ಗುಣ ಆಯಿತಾ? ವಿದ್ಯಾನಗರದಲ್ಲಿ ನಮ್ಮ ಮನೆ ಮೂರನೇ ಮಹಡಿ, ಲಿಫ್ಟ್ ಇಲ್ಲ. ಮೊದಲು ಸಂತೆ ಚೀಲ ಹಿಡಿದು ಎರಡು ಕಡೆ ನಿಂತು ಏರುತ್ತಿದ್ದೆ, ಆಪರೇಷನ್ ಆದ ಎರಡನೇ ತಿಂಗಳಿಗೆ ಒಂದೇ ಕಡೆ. ಈಗ ಎಲ್ಲೂ ನಿಲ್ಲುವುದಿಲ್ಲ. ಆದರೆ ಇಷ್ಟರಲ್ಲಿ 34 ಕೆಜಿ ಇಳಿದಿದೆ, ದಿನಾ ಉಣಕಲ್ ಕೆರೆ ದಂಡೆಯಲ್ಲಿ ನಡೆಯುತ್ತೇನೆ. ಎಲ್ಲ ಪುಣ್ಯ ಈ ಪ್ಲಾಸ್ಟಿಕ್ ಕೊಳವೆಗೇ ಕಟ್ಟಿದರೆ ಸುಳ್ಳಾದೀತು. ತಂಗಿಯ ಮದುವೆ ಗದ್ದಲದಲ್ಲಿ ಆರು ವಾರ ಗದಗಿನಲ್ಲಿದ್ದಾಗ ಇದನ್ನು ಮುಟ್ಟಿರಲಿಲ್ಲ. ಬಂದ ಮೇಲೆ ಹಳೇ ಅಂಕಿ ಭಾರ ಅನ್ನಿಸಿತು ನಿಜ, ಮೆಟ್ಟಿಲು ಮಾತ್ರ ಹಾಗೇ ಏರಿದೆ. ನನ್ನ ಲೆಕ್ಕದಲ್ಲಿ ಮೊದಲ ಮೂರು ತಿಂಗಳು, ಜಾಸ್ತಿ ನಡೆಯಲು ಆಗದ ದಿನಗಳಲ್ಲಿ, ಕೊಟ್ಟ ರೊಕ್ಕ ವಸೂಲಾಯಿತು.

ಮೂಗಿಗೆ ಹಾಕುವ ಕ್ಲಿಪ್ ಕಳಪೆ. ಸ್ಪಂಜು ಎರಡನೇ ತಿಂಗಳಿಗೇ ಉದುರಿತು, ಈಗ ಬೆರಳಿನಿಂದ ಮೂಗು ಹಿಡಿಯುತ್ತೇನೆ. ತಿರುಪಿನ ಪಕ್ಕದ ಅಂಕಿಗಳು ಅಳಿಸಿ, ಉಗುರು ಬಣ್ಣದಿಂದ ಗುರುತು ಹಾಕಿಕೊಂಡಿದ್ದೇನೆ. ಬಾಯಿಗಿಡುವ ಬೇರೆ ತುದಿ ತರಿಸಿದರೆ ಅದರ ಸೈಜೇ ಬೇರೆ ಬಂತು. ಉಗುರುಬೆಚ್ಚಗಿನ ಸೋಪು ನೀರಲ್ಲಿ ತೊಳೆದು ನೆರಳಿಗೆ ಒಣಗಿಸಿದರೆ ವಾಸನೆ ಬರುವುದಿಲ್ಲ.

ಕೆಳಗಿನ ಮನೆಯವರಿಗೂ ಮುಂದಿನ ತಿಂಗಳು ಇದೇ ಆಪರೇಷನ್. “ನಿಮ್ಮದ ಕೊಡ್ರೆಲಾ, ಹೆಂಗೂ ಹಳೇದಾಗೇತಿ” ಅಂದರು. ಬಾಯಾಗ ಇಟ್ಕೊಳ್ಳೂ ಸಾಮಾನರಿ, ಹೊಸಾದ ತಗೋರಿ ಅಂದೆ. ಕಿವಿ ತಮಟೆ ಹರಿದಿದ್ದರೆ ಡಾಕ್ಟರಿಗೆ ಹೇಳದೆ ಮುಟ್ಟಬ್ಯಾಡ್ರಿ ಅಂತಲೂ ಹೇಳಿದೆ. ಮುಖ ಸಣ್ಣದು ಮಾಡಿಕೊಂಡು ಹೋದರು.