ಮೊದಲು ಬಂದ ಆ 150 ರೂಪಾಯಿ

ನೌಕರಿಯ ಜೊತೆಗೆ ಇನ್ನೊಂದಿಷ್ಟು ಸಂಪಾದನೆಗೆ ದಾರಿ ಹುಡುಕುತ್ತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ನಾನು ಕಳೆದುಕೊಂಡದ್ದು 84,000 ರೂಪಾಯಿ. ಅದಕ್ಕಿಂತ ಹೆಚ್ಚು ಕಾಡಿದ್ದು ಮೋಸಗಾರರು ನನ್ನ ಖಾತೆಗೆ ಹಾಕಿದ ದುಡ್ಡು.

ಶಿರಸಿಯ ಒಂದು ಬೈಕ್ ಶೋರೂಮಿನಲ್ಲಿ ಬಿಲ್ಲಿಂಗ್ ನೋಡಿಕೊಳ್ಳುತ್ತೇನೆ. ತಿಂಗಳಿಗೆ 22,000. ಊರಲ್ಲಿ ಇಪ್ಪತ್ತೆಂಟು ಗುಂಟೆ ಅಡಿಕೆ ತೋಟ. ಹೋದ ಮಳೆಗಾಲ ಬಿಡುವೇ ಕೊಡಲಿಲ್ಲ. ಎರಡನೇ ಸಲ ಮದ್ದು ಹೊಡೆಯಲು ಮರ ಹತ್ತುವ ಕೊನೆಗೌಡ ಸಿಗುವಷ್ಟರಲ್ಲಿ ಕೊಳೆರೋಗ ತಗುಲಿ, ಮರದ ಬುಡದ ತುಂಬ ಎಳೆ ಅಡಿಕೆ ಉದುರಿತ್ತು. ಅದೇ ವಾರ ಟೆಲಿಗ್ರಾಮಿನಲ್ಲಿ ಒಂದು ಮೆಸೇಜು: ಗೋಕರ್ಣ, ಮುರುಡೇಶ್ವರದ ಹೋಂಸ್ಟೇಗಳಿಗೆ ಗೂಗಲ್ ಮ್ಯಾಪಿನಲ್ಲಿ ಐದು ಸ್ಟಾರ್ ಕೊಟ್ಟರೆ ಒಂದಕ್ಕೆ 50 ರೂಪಾಯಿ. ಸಂಜೆ ಮನೆಯಲ್ಲಿ ಕೂತು ಮಾಡಬಹುದು.

ಮೂರಕ್ಕೆ ಕೊಟ್ಟೆ. ಹತ್ತು ನಿಮಿಷದಲ್ಲಿ 150 ಬಂತು. ಮಾರನೇ ದಿನ 'ಪ್ರೀಪೇಯ್ಡ್ ಟಾಸ್ಕ್' ಅಂದರು. 1,000 ಹಾಕಿದರೆ 1,300 ವಾಪಸ್, 3,000 ಹಾಕಿದರೆ 3,900. ಎರಡೂ ಸಲ ಹೇಳಿದ ಹೊತ್ತಿಗೆ ಬಂತು. ಕೈಗೆ ಬಂದದ್ದನ್ನು ಕಂಡ ಮೇಲೆ ಅನುಮಾನ ಪಡುವುದು ಹೇಗೆ? ಅವರು ಲೆಕ್ಕ ಹಾಕಿದ್ದೂ ಅದನ್ನೇ.

ಆಮೇಲೆ ಐದು ಜನರ ಒಂದು ಗುಂಪಿಗೆ ಸೇರಿಸಿದರು. ಐವರೂ ದುಡ್ಡು ಹಾಕಿ ಟಾಸ್ಕ್ ಮುಗಿಸಿದರೆ ಮಾತ್ರ ಎಲ್ಲರ ಹಣ ಬಿಡುಗಡೆ. ನಾನು 10,000 ಹಾಕಿದೆ, ಬರಲಿಲ್ಲ. ಮುಂದಿನ ಹಂತಕ್ಕೆ 28,000 ಕೇಳಿದರು, ಅದನ್ನೂ ಹಾಕಿದೆ. ಕೊನೆಯ ಹಂತ 46,000. ಆಗುವುದಿಲ್ಲ ಎಂದು ಬರೆದೆ. ಗುಂಪಿನಲ್ಲಿದ್ದ ಒಬ್ಬ ಹೆಂಗಸು, 'ಬ್ರದರ್, ಮಗಳ ಫೀಸಿನ ದುಡ್ಡು ಇದರಲ್ಲಿ ಸಿಕ್ಕಿಹಾಕಿಕೊಂಡಿದೆ, ನೀವು ನಿಲ್ಲಿಸಿದರೆ ನನ್ನದೂ ಹೋಗುತ್ತದೆ' ಎಂದು ರಾತ್ರಿ ಹನ್ನೆರಡರವರೆಗೂ ಮೆಸೇಜು ಹಾಕಿದಳು. ನನ್ನನ್ನು ಬೀಳಿಸಿದ್ದು ಆಸೆಗಿಂತ ಆ ಮಾತು. ಶನಿವಾರ ಬೆಳಿಗ್ಗೆ ಕಪಾಟಿನಲ್ಲಿದ್ದ ಹೆಂಡತಿಯ ಸರ ಒಯ್ದು ಸೊಸೈಟಿಯಲ್ಲಿ ಅಡವಿಟ್ಟೆ. ಆ ಹೆಂಗಸೂ, ಉಳಿದ ಮೂವರೂ ಅವರ ಕಡೆಯವರೇ ಎಂದು ತಿಳಿದದ್ದು ಆಮೇಲೆ.

46,000 ಹೋದ ಮೇಲೆ ವ್ಯಾಲೆಟ್ಟಿನಲ್ಲಿ 1,12,000 ಎಂದು ತೋರಿಸುತ್ತಿತ್ತು. ತೆಗೆಯಲು ಹೋದರೆ, 'ನಿಮ್ಮ ಕ್ರೆಡಿಟ್ ಸ್ಕೋರ್ 80ಕ್ಕೆ ಇಳಿದಿದೆ, 100 ಮಾಡಿಕೊಳ್ಳಲು ಇನ್ನೂ 40,000 ಕಟ್ಟಿ' ಅಂದರು. ಆಗ ಎದೆ ಧಸಕ್ಕೆಂದಿತು.

ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿದ್ದು ಭಾನುವಾರ ಸಂಜೆ. ಅದು ನನ್ನ ಎರಡನೇ ತಪ್ಪು. ಮೋಸದ ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ನಿಮಿಷಗಳಲ್ಲಿ ಹಾರುತ್ತದೆ. ನನ್ನದು ಅಷ್ಟರಲ್ಲಿ ನಾಲ್ಕು ಖಾತೆ ದಾಟಿತ್ತು, ತಡೆಹಿಡಿಯಲು ಸಿಕ್ಕಿದ್ದು 6,200 ಮಾತ್ರ. ಮೊದಲ ಅರ್ಧ ಗಂಟೆಯಲ್ಲೇ ಫೋನ್ ಮಾಡಿ. ಯುಪಿಐ ವಹಿವಾಟಿನ ಹನ್ನೆರಡು ಅಂಕಿಯ ಯುಟಿಆರ್ ನಂಬರು ಕೈಯಲ್ಲಿರಲಿ.

ಮುಗಿಯಿತು ಅಂದುಕೊಂಡಿದ್ದೆ. ಮೂರು ವಾರದ ಮೇಲೆ ಯಲ್ಲಾಪುರ ನಾಕಾದ ಹತ್ತಿರ ಪೆಟ್ರೋಲ್ ಹಾಕಿಸಿ ಫೋನ್‌ಪೇ ಮಾಡಿದರೆ ಹೋಗಲಿಲ್ಲ. ಹಿಂದಿನ ದಿನವಷ್ಟೇ ಸಂಬಳ ಬಂದಿತ್ತು. ಬ್ಯಾಂಕಿನಲ್ಲಿ ಕೇಳಿದರೆ, ಬೇರೆ ರಾಜ್ಯದ ಪೊಲೀಸರ ಸೂಚನೆಯಂತೆ ಖಾತೆ ಫ್ರೀಜ್ ಆಗಿದೆ ಅಂದರು. ಪಾಸ್‌ಬುಕ್ಕು ಎಂಟ್ರಿ ಹಾಕಿಸಿ ಅಲ್ಲೇ ಬೆಂಚಿನ ಮೇಲೆ ಕೂತು ಒಂದೊಂದೇ ಸಾಲು ನೋಡಿದೆ. 150 ಬಂದದ್ದು ಒಂದು ತರಕಾರಿ ಅಂಗಡಿಯ ಹೆಸರಿನಿಂದ, 1,300 ಯಾರೋ ಹೆಂಗಸಿನ ಖಾತೆಯಿಂದ, 3,900 ಮತ್ತೊಬ್ಬರಿಂದ. ಕೆಲಸ ಕೊಟ್ಟ ಕಂಪನಿಯ ಹೆಸರು ಒಂದು ಸಾಲಿನಲ್ಲೂ ಇರಲಿಲ್ಲ. ಅದು ನನ್ನಂತೆಯೇ ಮೋಸಹೋದ ಯಾರದೋ ದುಡ್ಡು. ಅವರು ದೂರು ಕೊಟ್ಟಿದ್ದರು, ಹಣದ ಜಾಡು ಹಿಡಿದ ಪೊಲೀಸರಿಗೆ ನನ್ನ ಖಾತೆ ಸಿಕ್ಕಿತ್ತು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 106ನೇ ಕಲಮಿನಡಿ ಅದನ್ನು ಫ್ರೀಜ್ ಮಾಡಿಸಿದ್ದರು.

ದೇವಿಮನೆ ಘಟ್ಟ ಇಳಿದು, ಕುಮಟಾ, ಅಂಕೋಲಾ ದಾಟಿ ಕಾರವಾರದ ಸಿಇಎನ್ (ಸೈಬರ್ ಅಪರಾಧ) ಠಾಣೆಗೆ ಎರಡು ಸಲ ಹೋಗಿಬಂದೆ, ರಜೆ ಹಾಕಿ. ನನ್ನ ದೂರಿನ ಪ್ರತಿ, ಬ್ಯಾಂಕ್ ಸ್ಟೇಟ್‌ಮೆಂಟು, ಚಾಟಿನ ಸ್ಕ್ರೀನ್‌ಶಾಟುಗಳನ್ನೆಲ್ಲ ಆ ರಾಜ್ಯದ ತನಿಖಾಧಿಕಾರಿಗೆ ಕಳಿಸಿದ ಮೇಲೆ, ಎರಡು ತಿಂಗಳಿಗೆ ಖಾತೆ ಬಿಡುಗಡೆಯಾಯಿತು. ಸಿಟ್ಟು ಬಂದು ಚಾಟ್ ಅಳಿಸಿಹಾಕಿದ್ದರೆ ತೋರಿಸಲು ಏನೂ ಇರುತ್ತಿರಲಿಲ್ಲ. ಅಷ್ಟು ದಿನ ಸಂಬಳವನ್ನು ಹೆಂಡತಿಯ ಖಾತೆಗೆ ಹಾಕಿಸಿಕೊಳ್ಳಬೇಕಾಯಿತು. ಆಗಲೇ ಅವಳಿಗೆ ಎಲ್ಲ ಹೇಳಿದ್ದು. 'ಸರ ಹೋದ್ರೆ ಹೋಗ್ಲಿ, ನನ್ ಹತ್ರ ಒಂದು ಮಾತು ಹೇಳ್ಲೇ ಇಲ್ವಲ್ಲ ನೀವು' ಅಂದಳು. ಸರ ಇನ್ನೂ ಸೊಸೈಟಿಯಲ್ಲೇ ಇದೆ.

ಇನ್ನೊಂದು ವಿಷಯ. ಹೋದ ಹಣ ವಾಪಸ್ ಕೊಡಿಸುತ್ತೇವೆ, ಮೊದಲು ಫೀಸು ಕಟ್ಟಿ ಎಂದು ಈಗಲೂ ಫೋನ್ ಬರುತ್ತದೆ. ಅದೂ ಮೋಸವೇ.

ಇದನ್ನು ಇವತ್ತೇ ಬರೆಯಲು ಕಾರಣವಿದೆ. ನಮ್ಮ ಸರ್ವಿಸ್ ವಿಭಾಗದ ಹುಡುಗ ಮಧ್ಯಾಹ್ನ ಬುತ್ತಿ ಬಿಚ್ಚುತ್ತಾ ಮೊಬೈಲು ತೋರಿಸಿ, 'ಅಣ್ಣಾ, ಸುಮ್ನೆ ಕೂತು 150 ಬಂತು' ಅಂದ. ಮೆಸೇಜು ಅದೇ, ಗೋಕರ್ಣದ ಬದಲು ಯಾಣ ಇತ್ತು. ಸಂಜೆ 1,000 ಹಾಕುವವನಿದ್ದ. ಬಂದ ದುಡ್ಡು ಯಾರ ಹೆಸರಿನಿಂದ ಎಂದು ತೆಗೆಸಿ ನೋಡಿದೆವು. ಯಾವುದೋ ಊರಿನ ಔಷಧ ಅಂಗಡಿ. ಇಬ್ಬರೂ ಊಟ ಅರ್ಧಕ್ಕೇ ಬಿಟ್ಟು, ಅದು ಅವನದಲ್ಲ ಎಂದು ಬರೆದುಕೊಡಲು ಬ್ಯಾಂಕಿಗೆ ಹೋದೆವು.