ಕಾರೋ-ಕಾನ್ ಕಲಿಯಲು ಲಿಚೆಸ್: ಮೂರು ವರ್ಷ ಬಳಸಿದ ಮೇಲೆ

ಚದುರಂಗದ ತಾಣ ಲಿಚೆಸ್ ಬಗ್ಗೆ ಹೇಳಬೇಕಾದರೆ, ಆರನೆಯ ನಡೆಗೇ ಸೋತ ಒಂದು ಆಟದಿಂದ ಶುರುಮಾಡಬೇಕು. ಬಾಗಲಕೋಟೆಯ ನವನಗರದಲ್ಲಿ ನಿವೃತ್ತ ಮಾಸ್ತರರೊಬ್ಬರ ಮನೆಯ ಕಟ್ಟೆಯೇ ನಮ್ಮ ಭಾನುವಾರದ ಚದುರಂಗದ ಜಾಗ. ಬೇಸಿಗೆ ರಜೆಗೆ ಬೆಳಗಾವಿಯಿಂದ ಬಂದಿದ್ದ ಅವರ ಮೊಮ್ಮಗ, ಏಳನೆಯ ತರಗತಿಯ ಹುಡುಗ, ಬಿಳಿ ಕಾಯಿ ಹಿಡಿದಿದ್ದ. ನಾನು ಆಗಷ್ಟೇ ಒಂದು ಆ್ಯಪ್‌ನಲ್ಲಿ ಎರಡೂವರೆ ಸಾವಿರ ರೂಪಾಯಿ ಕೊಟ್ಟು ಕಾರೋ-ಕಾನ್, ಅಂದರೆ ಬಿಳಿಯ ಇ4 ನಡೆಗೆ ಕರಿಯವರು ಸಿ6 ಎಂದು ಉತ್ತರಿಸುವ ಆರಂಭದ ಕೋರ್ಸ್ ಕೊಂಡು ದಿನಕ್ಕೊಂದು ತಾಸು ಉರುಹೊಡೆದಿದ್ದೆ. ಇ4, ಸಿ6 (ಅಕ್ಷರ ಹಲಗೆಯ ಉದ್ದ ಸಾಲಿನದು, ಅಂಕಿ ಅಡ್ಡ ಸಾಲಿನದು). ಡಿ4, ಡಿ5. ಅವನ ಕುದುರೆ ಸಿ3ಕ್ಕೆ ಬಂತು. ನಾನು ಇ4ರ ಪ್ಯಾದೆ ಹೊಡೆದೆ, ಕುದುರೆ ನನ್ನ ಪ್ಯಾದೆಯನ್ನು ಹೊಡೆಯಿತು. ನನ್ನ ಕುದುರೆ ಡಿ7ಕ್ಕೆ. ಹುಡುಗ ರಾಣಿಯನ್ನು ಇ2ಕ್ಕೆ ಸರಿಸಿದ. ನಾನು ಬಾಯಿಪಾಠ ಮಾಡಿದ್ದ ನಡೆಗಳ ಸಾಲುಗಳಲ್ಲೆಲ್ಲ ಮುಂದಿನ ನಡೆ ಒಂದೇ: ಇನ್ನೊಂದು ಕುದುರೆ ಎಫ್6ಕ್ಕೆ. ಕೈ ತಾನಾಗಿಯೇ ಹೋಯಿತು. ಅವನ ಕುದುರೆ ಡಿ6ಕ್ಕೆ ಜಿಗಿಯಿತು. ಇ7ರ ಪ್ಯಾದೆಯಿಂದ ಹೊಡೆಯೋಣವೆಂದರೆ ಅದರ ಬೆನ್ನಿಗೆ ನನ್ನ ರಾಜ, ಎದುರಿಗೆ ಅದೇ ಸಾಲಿನಲ್ಲಿ ಅವನ ರಾಣಿ. ಪ್ಯಾದೆ ಕದಲುವಂತಿಲ್ಲ.

"ಕಾಕಾ, ಸುತ್ತಲೂ ನಿಮ್ಮವರೇ ನಿಂತಿದ್ದಾರೆ, ರಾಜ ಎಲ್ಲಿಗೆ ಹೋಗಬೇಕು?" ಎಂದ.

1935ರಲ್ಲಿ ಸ್ಪೇನಿನ ಪಾಲ್ಮಾ ದೆ ಮಯೋರ್ಕಾದಲ್ಲಿ ವಿಶ್ವ ಚಾಂಪಿಯನ್ ಅಲೆಖಿನ್ ಇದೇ ಆರು ನಡೆಗಳಲ್ಲಿ, ಕೂಡಿ ಯೋಚಿಸಿ ಆಡುತ್ತಿದ್ದ ನಾಲ್ವರನ್ನು ಕೆಡವಿದ್ದರೆಂದು ಆಮೇಲೆ ಓದಿದೆ. ನಾಲ್ಕು ತಲೆಗೆ ಹೊಳೆಯದ್ದು ನನ್ನದೊಂದಕ್ಕೆ ಹೊಳೆಯಬೇಕೇ ಎಂದು ಸಮಾಧಾನಪಟ್ಟುಕೊಂಡೆ.

ಆ ಕೋರ್ಸ್ ಪೂರ್ತಿ ದಂಡವೆನ್ನಲಾರೆ. ತಪ್ಪಿದ ಸಾಲನ್ನು ಕೆಲವೇ ತಾಸಿನಲ್ಲಿ, ಸರಿಯಾದದ್ದನ್ನು ಕೆಲವು ದಿನ ಬಿಟ್ಟು ಮತ್ತೆ ಕೇಳುತ್ತಿತ್ತು. ನಡೆಗಳು ಬೆರಳಿಗಂತೂ ಹತ್ತಿದವು. ಯಾಕೆ ಆ ನಡೆ ಎಂಬುದು ಮಾತ್ರ ತಲೆಗೆ ಹತ್ತಲಿಲ್ಲ. ಮೇಲಾಗಿ ಅದರ ಮುಕ್ಕಾಲು ಪಾಲು ದೊಡ್ಡ ಆಟಗಾರರು ಹನ್ನೆರಡನೆಯ ನಡೆಯಾಚೆ ಏನು ಮಾಡುತ್ತಾರೆಂಬುದರ ಬಗ್ಗೆ. ನಮ್ಮ ಮಾಸ್ತರರು ಹನ್ನೆರಡರ ತನಕ ಯಾವ ಪುಸ್ತಕವನ್ನೂ ಪಾಲಿಸುವವರಲ್ಲ. ಬಸಿಯಲ್ಲಿ ಚಹಾ ಆರಿಸುತ್ತ, ಎರಡನೆಯ ನಡೆಗೇ ಒಂಟೆಯನ್ನು ಸಿ4ಕ್ಕೆ ತಳ್ಳಿಬಿಡುತ್ತಾರೆ.

ಸೋತ ರಾತ್ರಿಯೇ ಲಿಚೆಸ್ ತೆರೆದೆ. ಫ್ರಾನ್ಸಿನ ಪ್ರೋಗ್ರಾಮರ್ ಥಿಬೋ ಡುಪ್ಲೆಸಿ 2010ರಲ್ಲಿ ಆರಂಭಿಸಿದ ತಾಣ. ಶುಲ್ಕವಿಲ್ಲ, ಜಾಹೀರಾತಿಲ್ಲ, ದೇಣಿಗೆಯಿಂದ ನಡೆಯುತ್ತದೆ. ಆಟವಾಡಲು ಮೊದಲೂ ಬಳಸುತ್ತಿದ್ದೆ. ಕಲಿಯಲು ಬಳಸಿದ್ದು ಅದರ 'ಸ್ಟಡಿ' ವಿಭಾಗವನ್ನು. ಒಂದು ಸ್ಟಡಿಯಲ್ಲಿ 64 ಅಧ್ಯಾಯ ಮಾಡಬಹುದು, ಹಲಗೆಯ ಮನೆಗಳಷ್ಟೇ. ನಾನು ಸಿದ್ಧ ಸಾಲುಗಳನ್ನು ತುಂಬಲಿಲ್ಲ. ಸೋತ ಒಂದೊಂದು ಆಟಕ್ಕೆ ಒಂದು ಅಧ್ಯಾಯ, ದಾರಿ ತಪ್ಪಿದ ನಡೆಯ ಪಕ್ಕ ಕನ್ನಡದಲ್ಲಿ ಒಂದೇ ವಾಕ್ಯ. ಮೊದಲ ಅಧ್ಯಾಯದಲ್ಲಿ ಬರೆದದ್ದು: "ರಾಣಿ ಇ ಸಾಲಿಗೆ ಬಂದರೆ ಕುದುರೆ ಮುಟ್ಟುವ ಮುನ್ನ ಇ7 ನೋಡು." ಮುಂದಿನ ನಡೆಗಳನ್ನು ಮರೆಮಾಡುವ ಸೌಲಭ್ಯವಿದೆ. ಸೋಮವಾರ ನಸುಕಿಗೆ ವಿಜಯಪುರದ ಕಚೇರಿಗೆ ಹೊರಟರೆ, ಬಸ್ಸು ಕೊರ್ತಿ-ಕೊಲ್ಹಾರ ಸೇತುವೆ ದಾಟಿ ಮೊಸರಿನ ಗಡಿಗೆಗಳು ಒಳಗೆ ಬರುವಷ್ಟರಲ್ಲಿ ಮೂರು ಅಧ್ಯಾಯ ನನಗೆ ನಾನೇ ಒಪ್ಪಿಸಿರುತ್ತೇನೆ. ಯಾವುದನ್ನು ಯಾವಾಗ ತಿರುವಿಹಾಕಬೇಕೆಂಬ ಪಾಳಿ ನಾವೇ ಇಟ್ಟುಕೊಳ್ಳಬೇಕು; ಅದಕ್ಕೆ ನನ್ನದೊಂದು ಹಳೆಯ ಡೈರಿ ಇದೆ.

ನನಗೆ ಹೆಚ್ಚು ಉಪಕಾರವಾದದ್ದು ಓಪನಿಂಗ್ ಎಕ್ಸ್‌ಪ್ಲೋರರ್, ಅಂದರೆ ಆರಂಭದ ಯಾವ ನಡೆಯನ್ನು ಎಷ್ಟು ಆಟಗಳಲ್ಲಿ ಆಡಿದ್ದಾರೆ, ಎಷ್ಟು ಗೆದ್ದಿದ್ದಾರೆ ಎಂದು ತೋರಿಸುವ ವಿಭಾಗ. ಒಂದು ಕಡೆ ಪ್ರಬಲ ಆಟಗಾರರು ಎದುರುಬದುರು ಕುಳಿತು ಆಡಿದ ಆಟಗಳು, ಇನ್ನೊಂದು ಕಡೆ ಲಿಚೆಸ್‌ನಲ್ಲೇ ನಡೆದ ಆಟಗಳು. ಎರಡನೆಯದರಲ್ಲಿ ನಮ್ಮ ರೇಟಿಂಗಿನವರನ್ನಷ್ಟೇ ಆರಿಸಿ ನೋಡಬಹುದು. ಹಾಗೆ ನೋಡಿದಾಗ ಮಾಸ್ತರರಂಥವರು ಎಷ್ಟು ಮಂದಿ ಇದ್ದಾರೆಂದು ತಿಳಿಯಿತು! ಒಂಟೆ ಸಿ4ಕ್ಕೆ ಬಂದರೆ ಡಿ5 ಆಡುವುದು. ಪ್ಯಾದೆಗಳ ಹೊಡೆದಾಟ ಮುಗಿಯುವಷ್ಟರಲ್ಲಿ ಒಂಟೆ ಜಾಗ ಬಿಡಬೇಕು, ನನಗೆ ನಡುವೆ ಪುಕ್ಕಟೆ ನೆಲೆ. ಕಲಿಯಲು ಹತ್ತು ನಿಮಿಷ ಸಾಕಾಯಿತು, ಪ್ರತಿ ಭಾನುವಾರವೂ ಉಪಯೋಗಕ್ಕೆ ಬಂತು. ಒಂದು ಎಚ್ಚರಿಕೆ: ಅಲ್ಲಿನ ಗೆಲುವಿನ ಶೇಕಡಾವಾರು ನೋಡುವ ಮೊದಲು ಎಷ್ಟು ಆಟಗಳ ಲೆಕ್ಕವೆಂದು ನೋಡಿ. ಒಂಬತ್ತು ಆಟದಲ್ಲಿ ಏಳು ಗೆದ್ದ ನಡೆಯನ್ನು ನಂಬಿ ನಾನು ಒಂದು ತಿಂಗಳು ಕಳೆದಿದ್ದೇನೆ.

ಬೇಸರವಾದಾಗ, ವಿಶ್ವ ಚಾಂಪಿಯನ್‌ಗಳಾಗಿದ್ದ ಕಾರ್ಪೊವ್, ಪೆಟ್ರೋಸಿಯನ್ ಅವರ ಕಾರೋ-ಕಾನ್ ಆಟಗಳನ್ನು ನಿಧಾನವಾಗಿ ಒತ್ತುತ್ತ ಹೋಗುತ್ತೇನೆ. ಉರುಹೊಡೆಯುವುದಿಲ್ಲ, ಒಂಟೆ ಎಲ್ಲಿ ಕೂರುತ್ತದೆಂದು ನೋಡುತ್ತೇನೆ ಅಷ್ಟೆ.

ಆ ಹುಡುಗ ಈ ವರ್ಷ ಹತ್ತನೆಯ ತರಗತಿ ಮುಗಿಸಿ ಬಂದಿದ್ದ. ಮೂರನೆಯ ನಡೆಗೆ ಇ5 ತಳ್ಳಿದ. ನನ್ನ ಒಂಟೆ ಎಫ್5ಕ್ಕೆ. ಅವನು ಎಚ್4. ಇಲ್ಲಿ ಇ6 ಆಡಿದರೆ ಜಿ4, ಎಫ್3, ಎಚ್5 ಎಂದು ಪ್ಯಾದೆಗಳು ಒಂಟೆಯನ್ನು ಅಟ್ಟಿ ಹಿಡಿಯುತ್ತವೆ. ನನ್ನ 17ನೆಯ ಅಧ್ಯಾಯ ಅದೇ. ಎಚ್5 ಆಡಿದೆ. ಅವನು ತಲೆ ಎತ್ತಿ ನನ್ನ ಮುಖ ನೋಡಿದ.

ಐವತ್ತೆರಡನೆಯ ನಡೆಗೆ, ಆನೆಗಳ ಅಂತ್ಯದಾಟದಲ್ಲಿ ಸೋತೆ. ಅದಕ್ಕೆ ಬೇರೆ ಸ್ಟಡಿ ತೆರೆದಿದ್ದೇನೆ.